ಅಗ್ಗದ ಗಿಟಾರ್, ದೊಡ್ಡ ಹೆಸರು: ಓದುಗರ ಪ್ರಶ್ನೆಗಳಿಗೆ ಉತ್ತರ

ಮೊದಲ ಗಿಟಾರ್ ಕೊಳ್ಳುವ ಬಗ್ಗೆ ಹೋದ ಸಲ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಲೈಸೆನ್ಸ್ ಮತ್ತು ಬೆಲೆಯ ವಿಷಯ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಹಳೆಯ ಬೇಸ್ ಗಿಟಾರ್ ಒಂದು ಮಾರಾಟಕ್ಕೆ ಬಂದಿದೆ. ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಗಳಿರುವ ತಲೆ) ಮೇಲೆ ‘ಓಎಲ್‌ಪಿ’ ಅಂತ ಇದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮ್ಯೂಸಿಕ್ ಮ್ಯಾನ್ ಲೈಸೆನ್ಸ್ ಅಂತ ಇದೆ. ಮಾರುವವರು ‘ಇದು ಮ್ಯೂಸಿಕ್ ಮ್ಯಾನೇ, ಹೆಸರು ಮಾತ್ರ ಬೇರೆ’ ಅನ್ನುತ್ತಿದ್ದಾರೆ. ನಂಬಬಹುದಾ?

ನಂಬಬೇಡಿ. ಹಾಗಂತ ಅದು ಡೂಪ್ಲಿಕೇಟ್ ಮಾಲೂ ಅಲ್ಲ.

ಓಎಲ್‌ಪಿ ಅಂದರೆ ‘ಆಫೀಶಿಯಲಿ ಲೈಸೆನ್ಸ್ಡ್ ಪ್ರಾಡಕ್ಟ್’. ಮ್ಯೂಸಿಕ್ ಮ್ಯಾನ್ ಅನ್ನುವ ಅಮೆರಿಕದ ಗಿಟಾರ್ ಕಂಪನಿಯನ್ನು 1984ರಲ್ಲಿ ಎರ್ನಿ ಬಾಲ್ ಕಂಪನಿ ಕೊಂಡಿತು. ಆಮೇಲೆ ಅದರ ಕೆಲವು ಡಿಸೈನ್‌ಗಳನ್ನು ಅಗ್ಗದ ವಾದ್ಯಗಳಿಗೆ ಬಳಸಿಕೊಳ್ಳಲು ಹ್ಯಾನ್ಸರ್ ಅನ್ನುವ ಬೇರೊಂದು ಕಂಪನಿಗೆ ಒಪ್ಪಿಗೆ ಕೊಟ್ಟಿತು. ಏಷ್ಯಾದ ಫ್ಯಾಕ್ಟರಿಗಳಲ್ಲಿ ಗಿಟಾರ್ ಮಾಡಿಸಿ ಮಾರಿದ್ದು ಆ ಕಂಪನಿ. ಮ್ಯೂಸಿಕ್ ಮ್ಯಾನ್ ಕಡೆಯಿಂದ ಬಂದಿದ್ದು ಆಕಾರ, ಆ ಕಡೆಗೆ ಹೋಗಿದ್ದು ರಾಯಲ್ಟಿ.

ಅನುಮಾನ ಇದ್ದರೆ ಹೆಡ್‌ಸ್ಟಾಕ್ ನೋಡಿ. ಮ್ಯೂಸಿಕ್ ಮ್ಯಾನ್‌ನ ಅಸಲಿ ಸ್ಟಿಂಗ್‌ರೇ ಬೇಸ್ 1976ರಲ್ಲಿ ಬಂದಾಗಿನಿಂದ ಅದರ ಗುರುತು ಒಂದೇ: ಟ್ಯೂನಿಂಗ್ ಕೀಗಳು ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಒಂದು. ದೂರದಿಂದ ನೋಡಿದರೂ ಗೊತ್ತಾಗುತ್ತದೆ. ಓಎಲ್‌ಪಿ ಬೇಸ್‌ನಲ್ಲಿ ಆ ಕಡೆ ಎರಡು, ಈ ಕಡೆ ಎರಡು. ಬಾಡಿಯ ಆಕಾರ, ತಂತಿಯ ದನಿ ಹಿಡಿಯುವ ಪಿಕಪ್ ಕೂರುವ ಜಾಗ ಇದನ್ನೆಲ್ಲ ಬಿಟ್ಟುಕೊಟ್ಟವರು ಹೆಡ್‌ಸ್ಟಾಕ್ ಮಾತ್ರ ಕೊಡಲಿಲ್ಲ. ಒಳಗಿನ ಕತೆಯೂ ಅಷ್ಟೇ. ಸ್ಟಿಂಗ್‌ರೇ ಹೆಸರು ಮಾಡಿದ್ದೇ ದನಿ ಏರಿಸುವ, ಬ್ಯಾಟರಿಯಿಂದ ನಡೆಯುವ ಪ್ರಿಆಂಪ್‌ನಿಂದ, ಆ ಗಟ್ಟಿ ದನಿ ಬರುವುದು ಅಲ್ಲಿಂದ. ಓಎಲ್‌ಪಿಯ ನಾಲ್ಕು ತಂತಿಯ ಮಾಡೆಲ್‌ನಲ್ಲಿ ಬ್ಯಾಟರಿಯೂ ಇಲ್ಲ, ಪ್ರಿಆಂಪೂ ಇಲ್ಲ. ಆಮೇಲೆ ಯಾರೋ ಹಾಕಿಸಿಕೊಂಡಿದ್ದರೆ ಆ ಮಾತು ಬೇರೆ, ಎಷ್ಟೋ ಜನ ಹಾಕಿಸಿಕೊಂಡಿದ್ದಾರೆ ಕೂಡ.

ಈಗ ಮ್ಯೂಸಿಕ್ ಮ್ಯಾನ್‌ನ ಇನ್ನೊಂದು ಅಗ್ಗದ ಸಾಲು ‘ಸ್ಟರ್ಲಿಂಗ್ ಬೈ ಮ್ಯೂಸಿಕ್ ಮ್ಯಾನ್’ ನೋಡಿ. 2009ರ ಹೊತ್ತಿಗೆ ಓಎಲ್‌ಪಿ ಜಾಗಕ್ಕೆ ಬಂದದ್ದು ಇದು. ಇಲ್ಲಿ ಮೂರು-ಒಂದು ಹೆಡ್‌ಸ್ಟಾಕ್ ಕೊಟ್ಟರು, ಪ್ರಿಆಂಪ್ ಕೊಟ್ಟರು, ಹೆಸರಿನಲ್ಲೇ ಮ್ಯೂಸಿಕ್ ಮ್ಯಾನ್ ಅಂತ ಬರೆಯಲು ಬಿಟ್ಟರು. ಬೆಲೆಯೂ ಒಂದು ಮೆಟ್ಟಿಲು ಏರಿತು. ಲೈಸೆನ್ಸ್ ಅನ್ನುವುದು ಒಂದೇ ಗಟ್ಟಿ ವಸ್ತು ಅಲ್ಲ. ಆಕಾರಕ್ಕೆ ಒಂದು ಒಪ್ಪಿಗೆ, ಹೆಸರಿಗೆ ಇನ್ನೊಂದು, ಒಳಗಿನ ಭಾಗಗಳಿಗೆ ಮತ್ತೊಂದು. ಯಾವುದು ಕೊಟ್ಟಿದ್ದಾರೆ, ಯಾವುದು ಹಿಡಿದುಕೊಂಡಿದ್ದಾರೆ ಅನ್ನುವುದರ ಮೇಲೆ ವಾದ್ಯದ ಬೆಲೆ ನಿಂತಿರುತ್ತದೆ.

ನೀವು ನೋಡಿರುವ ಬೇಸ್ ಕೊಳ್ಳಬಹುದು, ಬೇಡ ಅನ್ನಲ್ಲ. ನೆಕ್ ನೇರ ಇದೆಯಾ, ಅದರೊಳಗಿನ ಸರಳು, ಅಂದರೆ ಟ್ರಸ್ ರಾಡ್, ತಿರುಗುತ್ತಾ ನೋಡಿ. ಅಗ್ಗದ ಬೇಸ್‌ಗೆ ಕೊಡುವಷ್ಟು ಕೊಡಿ. ಮ್ಯೂಸಿಕ್ ಮ್ಯಾನ್ ಹೆಸರಿಗೆ ಅಂತ ಒಂದು ಕಾಸೂ ಜಾಸ್ತಿ ಕೊಡಬೇಡಿ.

ಪ್ರಶ್ನೆ: ಎಲ್ಲ ಕಂಪನಿಗಳ ಅಗ್ಗದ ಗಿಟಾರ್‌ಗಳೂ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಥರಾನೇ ಇರುತ್ತವೆ. ಇವರೆಲ್ಲ ಫೆಂಡರ್‌ಗೆ ದುಡ್ಡು ಕಟ್ಟುತ್ತಾರಾ?

ಅಮೆರಿಕದಲ್ಲಿ ಬಾಡಿ ಆಕಾರಕ್ಕೆ ಯಾರೂ ಕಟ್ಟಬೇಕಾಗಿಲ್ಲ. ಕಾರಣ, ಫೆಂಡರ್ ಎಚ್ಚೆತ್ತಿದ್ದು ತೀರಾ ತಡವಾಗಿ.

ಸ್ಟ್ರಾಟೊಕಾಸ್ಟರ್ ಬಂದದ್ದು 1954ರಲ್ಲಿ. ಅದರ ಬಾಡಿ, ಟೆಲಿಕಾಸ್ಟರ್ ಬಾಡಿ, ಪ್ರಿಸಿಷನ್ ಬೇಸ್ ಬಾಡಿ, ಈ ಮೂರನ್ನೂ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಫೆಂಡರ್ ಅರ್ಜಿ ಹಾಕಿದ್ದು 2003ರಲ್ಲಿ. ಅಷ್ಟರೊಳಗೆ ಅರ್ಧ ಶತಮಾನ ಕಳೆದಿತ್ತು. ಬೇರೆ ಗಿಟಾರ್ ತಯಾರಕರು ಒಟ್ಟಾಗಿ ತಕರಾರು ಹಾಕಿದರು. 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಫೆಂಡರ್ ಅರ್ಜಿಯನ್ನು ತಳ್ಳಿಹಾಕಿತು. ಅದರ ವಾದ ಸರಳ: ಇಷ್ಟು ವರ್ಷ ಇಷ್ಟು ಕಂಪನಿಗಳು ಇದೇ ಆಕಾರದಲ್ಲಿ ಗಿಟಾರ್ ಮಾಡಿ ಮಾರಿವೆ, ಹಾಗಾಗಿ ಈ ಆಕಾರ ನೋಡಿದ ತಕ್ಷಣ ಜನ ‘ಫೆಂಡರ್’ ಅಂತ ಅಂದುಕೊಳ್ಳಲ್ಲ, ‘ಎಲೆಕ್ಟ್ರಿಕ್ ಗಿಟಾರ್’ ಅಂತ ಅಂದುಕೊಳ್ಳುತ್ತಾರೆ. ಅದಕ್ಕೇ ಇವತ್ತು ಅಲ್ಲಿ ಯಾರು ಬೇಕಾದರೂ ಆ ಬಾಡಿ ಕೊರೆಯಬಹುದು.

ಹೆಡ್‌ಸ್ಟಾಕ್ ವಿಷಯದಲ್ಲಿ ಫೆಂಡರ್ ಅಷ್ಟು ಮೈಮರೆಯಲಿಲ್ಲ. ಅದರ ಆಕಾರ ಟ್ರೇಡ್‌ಮಾರ್ಕ್. ಬಿಡಿ ನೆಕ್ ಮಾರುವ ವಾರ್ಮೋತ್, ಆಲ್‌ಪಾರ್ಟ್ಸ್ ಥರದ ಕಂಪನಿಗಳು ‘ಫೆಂಡರ್ ಲೈಸೆನ್ಸ್ ಪಡೆದಿದ್ದು’ ಅಂತ ಮುದ್ರೆ ಹಾಕುವುದು ಇದಕ್ಕೇ. ಲೈಸೆನ್ಸ್ ಇಲ್ಲದವರು ಹೆಡ್‌ಸ್ಟಾಕ್ ಗೆರೆಯನ್ನು ಅಲ್ಲಿ ಸ್ವಲ್ಪ ತಿರುಚಿ, ಇಲ್ಲಿ ಸ್ವಲ್ಪ ಕತ್ತರಿಸಿ ಬೇರೆ ಮಾಡುತ್ತಾರೆ. ಅಗ್ಗದ ಗಿಟಾರ್ ಎಷ್ಟೋ ಬಾರಿ ಬಾಡಿಯಲ್ಲಿ ಚಂದ, ತಲೆಯಲ್ಲಿ ಕುರೂಪಿ ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಇನ್ನೊಂದು ದೊಡ್ಡ ಕಂಪನಿ ಗಿಬ್ಸನ್ ಕತೆ ಬೇರೆ, ಅವರು ಜಗಳಕ್ಕೆ ಮುಂದು. 1977ರಲ್ಲಿ ಗಿಬ್ಸನ್‌ನ ಮಾಲೀಕ ಕಂಪನಿ ನಾರ್ಲಿನ್, ಐಬನೇಜ್ ಗಿಟಾರ್ ಹಂಚುತ್ತಿದ್ದ ಎಲ್ಗರ್ ಮೇಲೆ ಕೇಸ್ ಹಾಕಿತು. ಅದೂ ಹೆಡ್‌ಸ್ಟಾಕ್ ವಿಚಾರಕ್ಕೇ, ತುದಿಯಲ್ಲಿ ತೆರೆದಿಟ್ಟ ಪುಸ್ತಕದ ಹಾಗೆ ಕಾಣುವ ಆ ಗೆರೆಗೆ. ಕೋರ್ಟಿನ ಹೊರಗೆ ರಾಜಿ ಆಯ್ತು. ಆ ಕಾಲದ ಜಪಾನಿ ಗಿಟಾರ್ ಯಾವುದೇ ಇರಲಿ, ಮಾರುವವರು ‘ಲಾಸೂಟ್ ಗಿಟಾರ್’ (ಕೇಸ್ ಬಿದ್ದ ಗಿಟಾರ್) ಅಂತ ಹೇಳಿ ಬೆಲೆ ಏರಿಸುತ್ತಾರೆ. ಕೇಸ್ ನಡೆದದ್ದು ಒಂದೇ ಬ್ರ್ಯಾಂಡ್ ಮೇಲೆ, ಲಾಭ ಮಾತ್ರ ಎಲ್ಲರಿಗೂ!

ಆಮೇಲೆ ಪಿಆರ್‌ಎಸ್ ಅನ್ನುವ ಗಿಟಾರ್ ಕಂಪನಿ ಜತೆಗಿನ ಜಗಳ. ಪಿಆರ್‌ಎಸ್‌ನ ‘ಸಿಂಗಲ್‌ಕಟ್’ ಗಿಟಾರ್ ತನ್ನ ಲೆಸ್ ಪಾಲ್ ಮಾಡೆಲ್ ಥರ ಇದೆ ಅಂತ ಗಿಬ್ಸನ್ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟ್‌ನಲ್ಲಿ ಗೆದ್ದು ಮಾರಾಟಕ್ಕೆ ತಡೆಯನ್ನೂ ತಂದಿತು. 2005ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿ ಹಾಕಿತು. ಗಿಬ್ಸನ್‌ನ ಒಂದು ವಾದ ಮಜವಾಗಿದೆ: ಅಂಗಡಿಯಲ್ಲಿ ಕೈಗೆ ತಗೊಂಡಾಗ ಯಾರೂ ಮೋಸ ಹೋಗಲ್ಲ, ನಿಜ, ಆದರೆ ಹೊಗೆ ತುಂಬಿದ ಬಾರ್‌ನಲ್ಲಿ ದೂರದ ಸ್ಟೇಜ್ ಮೇಲೆ ನೋಡಿದವರು ಇದನ್ನು ಗಿಬ್ಸನ್ ಅಂದುಕೊಳ್ಳಬಹುದು. ಕೋರ್ಟ್ ಒಪ್ಪಲಿಲ್ಲ. ಅಷ್ಟು ದೂರದಿಂದ, ಅಷ್ಟು ಹೊಗೆಯಲ್ಲಿ ನೋಡಿದರೆ ಎಷ್ಟೋ ವಸ್ತುಗಳು ಒಂದೇ ಥರ ಕಾಣುತ್ತವೆ ಅಂದಿತು. ನನಗಂತೂ ಅದು ಸರಿ ಅನಿಸುತ್ತದೆ.

ಪ್ರಶ್ನೆ: ಇಂಡೋನೇಷ್ಯಾದ ಒಂದೇ ಫ್ಯಾಕ್ಟರಿಯಲ್ಲಿ ನಾಲ್ಕೈದು ಬ್ರ್ಯಾಂಡ್‌ಗಳ ಗಿಟಾರ್ ತಯಾರಾಗುತ್ತವಂತೆ. ಹಾಗಿದ್ದರೆ ಒಂದಕ್ಕೆ 300 ಡಾಲರ್, ಇನ್ನೊಂದಕ್ಕೆ 800 ಡಾಲರ್ ಯಾಕೆ? ಸುಮ್ನೆ ಹೆಸರಿಗೆ ದುಡ್ಡು ಕಿತ್ತುಕೊಳ್ಳುತ್ತಿದ್ದಾರಾ?

ಸ್ವಲ್ಪ ಹೌದು, ಜಾಸ್ತಿ ಅಲ್ಲ.

ಒಂದೇ ಫ್ಯಾಕ್ಟರಿ ಅನ್ನುವುದು ನಿಜ. ಕೊರಿಯಾ ಮೂಲದ ಕಾರ್‌ಟೆಕ್ ತನ್ನ ಸ್ವಂತ ಕಾರ್ಟ್ ಗಿಟಾರ್ ಮಾಡುತ್ತದೆ, ಬೇರೆಯವರಿಗೂ ಮಾಡಿಕೊಡುತ್ತದೆ. ಪಿಆರ್‌ಎಸ್ ತನ್ನ ಅಗ್ಗದ ‘ಎಸ್‌ಇ’ ಸಾಲನ್ನು 2001ರಲ್ಲಿ ಕೊರಿಯಾದಲ್ಲಿ ಶುರು ಮಾಡಿ, 2019ರಿಂದ ಕಾರ್‌ಟೆಕ್‌ನ ಇಂಡೋನೇಷ್ಯಾ ಫ್ಯಾಕ್ಟರಿಗೆ ಸಾಗಿಸಿತು. ಆದರೆ ಫ್ಯಾಕ್ಟರಿ ಏನು ಮಾಡಬೇಕು ಅಂತ ತಾನೇ ನಿರ್ಧಾರ ಮಾಡಲ್ಲ. ಆರ್ಡರ್ ಕೊಟ್ಟವರು ಒಂದು ಪಟ್ಟಿ ಕೊಡುತ್ತಾರೆ: ಯಾವ ಮರ, ಎಷ್ಟು ತುಂಡು ಅಂಟಿಸಬಹುದು, ಯಾವ ಪಿಕಪ್, ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೆಲಸಕ್ಕೆ ಎಷ್ಟು ಹೊತ್ತು, ನೂರರಲ್ಲಿ ಎಷ್ಟನ್ನು ಪರೀಕ್ಷೆ ಮಾಡಬೇಕು. ಬೆಲೆಯ ವ್ಯತ್ಯಾಸ ಮುಖ್ಯವಾಗಿ ಹುಟ್ಟುವುದು ಆ ಕಾಗದದಲ್ಲಿ.

ಎರಡು ಗಿಟಾರ್ ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಬಾಡಿ ಎರಡರದ್ದೂ ಕಂಪ್ಯೂಟರ್ ಮಿಷಿನ್ ಕೊರೆದದ್ದೇ, ಅದರಲ್ಲಿ ಅಂಥ ವ್ಯತ್ಯಾಸ ಕಾಣಿಸಲ್ಲ. ಎಡಗೈಯನ್ನು ನೆಕ್‌ನ ಅಂಚಿನ ಮೇಲೆ ಮೇಲಿಂದ ಕೆಳಗೆ ಎಳೆಯಿರಿ. ಅಗ್ಗದ್ದರಲ್ಲಿ ಫ್ರೆಟ್‌ಗಳ ತುದಿ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಾಗುತ್ತದೆ. ಒಂದೊಂದು ಫ್ರೆಟ್‌ನ ಎರಡೂ ತುದಿಯನ್ನು ಕೈಯಲ್ಲಿ ಅರದಿಂದ ಉಜ್ಜಿ ದುಂಡಗೆ ಮಾಡಬೇಕು. 22 ಫ್ರೆಟ್ ಅಂದರೆ 44 ತುದಿ. ಅದು ಯಂತ್ರದ ಕೆಲಸ ಅಲ್ಲ, ಮನುಷ್ಯನ ಹೊತ್ತು. ಆಮೇಲೆ ನಟ್ ನೋಡಿ, ಹೆಡ್‌ಸ್ಟಾಕ್ ಪಕ್ಕ ತಂತಿಗಳು ಹಾಯುವ ಸಣ್ಣ ಪಟ್ಟಿ ಅದು. ತಂತಿ ಕೂರುವ ಗೆರೆಗಳನ್ನು ಸರಿಯಾದ ಆಳಕ್ಕೆ ಕೊರೆದಿಲ್ಲ ಅಂದರೆ ಮೊದಲ ಫ್ರೆಟ್‌ನಲ್ಲಿ ತಂತಿ ಒತ್ತಲು ಬೆರಳು ನೋಯುತ್ತದೆ, ಶ್ರುತಿಯೂ ಏರುತ್ತದೆ. ಹೊಸಬರು ಇದನ್ನು ತಮ್ಮ ಬೆರಳಿನ ತಪ್ಪು ಅಂದುಕೊಳ್ಳುತ್ತಾರೆ, ಪಾಪ. ಹಿಂಬದಿಯ ಮುಚ್ಚಳ ತೆಗೆದರೆ ಬಾರ್ ಒತ್ತಿ ಶ್ರುತಿ ಅಲುಗಿಸುವ ಟ್ರೆಮೊಲೊದ ಬ್ಲಾಕ್ ಕಾಣುತ್ತದೆ, ಒಂದರಲ್ಲಿ ತೆಳ್ಳಗಿನ ಸತುವಿನ ಎರಕ, ಇನ್ನೊಂದರಲ್ಲಿ ದಪ್ಪ ಉಕ್ಕು. ವಾಲ್ಯೂಮ್ ತಿರುಗಿಸುವ ಪಾಟ್‌ಗಳು ಒಂದರಲ್ಲಿ ಪುಟ್ಟವು, ಇನ್ನೊಂದರಲ್ಲಿ ದೊಡ್ಡವು. ಕೆಲವು ಅಗ್ಗದ ಮಾಡೆಲ್‌ಗಳ ಬಾಡಿ ಅಸಲಿಗಿಂತ ತೆಳ್ಳಗೂ ಇರುತ್ತದೆ, ಫೋಟೋದಲ್ಲಿ ಅದು ಗೊತ್ತಾಗಲ್ಲ.

ಲೈಸೆನ್ಸ್‌ಗೆ ಎಷ್ಟು ಹೋಗುತ್ತದೆ? ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಹಿಡಿಯೋಣ. ಗಿಟಾರ್ ಅಂಗಡಿ ಬೆಲೆ 400 ಡಾಲರ್ ಇರಲಿ. ಅಂಗಡಿಯವರು ನೂರಕ್ಕೆ 30 ಇಟ್ಟುಕೊಂಡರೆ ಬ್ರ್ಯಾಂಡ್‌ಗೆ ಬರುವುದು 280. ರಾಯಲ್ಟಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಈ ಸಗಟು ಬೆಲೆಯ ಮೇಲೆ. ನೂರಕ್ಕೆ 5 ಅಂದರೆ 14 ಡಾಲರ್. ಉಳಿದದ್ದರಲ್ಲಿ ಫ್ಯಾಕ್ಟರಿ, ಹಡಗು, ಸುಂಕ, ಗೋದಾಮು, ವಾರಂಟಿ, ಜಾಹೀರಾತು, ಲಾಭ ಎಲ್ಲ ಬರಬೇಕು. 400 ಡಾಲರ್ ಗಿಟಾರ್‌ನಲ್ಲಿ 14 ಡಾಲರ್ ರಾಯಲ್ಟಿ ಅಂದರೆ ನಿಮ್ಮ ಜೇಬಿಗೆ ಅಂಥ ಹೊರೆಯೇನೂ ಅಲ್ಲ.

ಹೆಸರಿಗೆ ದುಡ್ಡು ಹೋಗುವುದು ಬೇರೆ ದಾರಿಯಲ್ಲಿ. ಬ್ರ್ಯಾಂಡ್‌ನವರು ಬೆಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಾರೆ. ಫೆಂಡರ್‌ನ ಅಗ್ಗದ ಬ್ರ್ಯಾಂಡ್ ಸ್ಕ್ವಾಯರ್‌ನಲ್ಲಿ ಸಾನಿಕ್, ಅದರ ಮೇಲೆ ಅಫಿನಿಟಿ, ಅದರ ಮೇಲೆ ಕ್ಲಾಸಿಕ್ ವೈಬ್. ಆಮೇಲೆ ಮೆಕ್ಸಿಕೊದ ಫೆಂಡರ್, ಕೊನೆಗೆ ಅಮೆರಿಕದ ಫೆಂಡರ್. ಕೆಳಗಿನ ಮೆಟ್ಟಿಲಿನ ಗಿಟಾರ್ ತೀರಾ ಚೆನ್ನಾಗಿಬಿಟ್ಟರೆ ಮೇಲಿನದ್ದನ್ನು ಯಾರು ಕೊಳ್ಳುತ್ತಾರೆ? ಹಾಗಾಗಿ ಒಂದೊಂದು ಮೆಟ್ಟಿಲಲ್ಲೂ ಬೇಕಂತಲೇ ಒಂದೆರಡು ಸಂಗತಿ ತಡೆಹಿಡಿದಿರುತ್ತಾರೆ. ಕೆಲವು ಸಲ ಆ ತಡೆಹಿಡಿದ ಭಾಗ ಬರೀ ಹತ್ತು ಡಾಲರ್‌ನದು. ನನಗೆ ಸಿಟ್ಟು ಬರುವುದು ಇಲ್ಲಿ. ಫ್ರೆಟ್ ಕೆಲಸಕ್ಕೆ ಹೊತ್ತು ಬೇಕು, ಅದನ್ನು ಉಳಿಸಿದರು ಅಂದರೆ ಅರ್ಥ ಆಗುತ್ತದೆ. ಮಾಮೂಲಿ ಸ್ವಿಚ್ ಹಾಕುವ ಬದಲು ಪುಸಕ್ ಅನ್ನುವ ಸ್ವಿಚ್ ಹಾಕಿ ಉಳಿಸಿದ್ದಕ್ಕೆ ಏನು ಹೇಳೋಣ?

ಪ್ರಶ್ನೆ: ನನ್ನ ಗಿಟಾರ್ ಬ್ರಿಡ್ಜ್ (ಬಾಡಿಯ ಕಡೆ ತಂತಿ ಕೂರುವ ಭಾಗ) ಮೇಲೆ ‘ಫ್ಲಾಯ್ಡ್ ರೋಸ್ ಲೈಸೆನ್ಸ್’ ಅಂತ ಕೊರೆದಿದೆ. ಅಸಲಿಯೇ ಅಲ್ವಾ?

ಲೈಸೆನ್ಸ್ ಅಂತ ಇದ್ದರೆ ಅಸಲಿ ಅಲ್ಲ ಅಂತಲೇ ಅರ್ಥ. ಫ್ಲಾಯ್ಡ್ ರೋಸ್ ಅನ್ನುವವನು 1979ರಲ್ಲಿ ತಂತಿಯನ್ನು ಎರಡೂ ಕಡೆ ಬಿಗಿದು ಕಟ್ಟುವ ಈ ಟ್ರೆಮೊಲೊಗೆ ಪೇಟೆಂಟ್ ಪಡೆದ. ಬೇರೆಯವರು ಆ ಪೇಟೆಂಟ್‌ಗೆ ದುಡ್ಡು ಕೊಟ್ಟು ತಾವೇ ಬ್ರಿಡ್ಜ್ ಮಾಡಿಕೊಂಡರು. ಪೇಟೆಂಟ್ ಲೈಸೆನ್ಸ್ ಕೊಡುವುದು ತಂತ್ರವನ್ನು, ಯಾವ ಲೋಹ ಹಾಕಬೇಕು ಅನ್ನುವುದನ್ನಲ್ಲ. ಒಳ್ಳೆಯ ಲೈಸೆನ್ಸ್ ಬ್ರಿಡ್ಜ್‌ಗಳೂ ಇವೆ, ಐಬನೇಜ್‌ನ ಎಡ್ಜ್ ಅಂಥದ್ದು. ಅಗ್ಗದವುಗಳಲ್ಲಿ ಮೆತ್ತನೆ ಲೋಹದಿಂದ ಮಾಡಿದ ಚಾಕುವಿನ ಅಂಚಿನಂಥ ಭಾಗ ಸವೆದು, ಬಾರ್ ಒತ್ತಿ ಬಿಟ್ಟ ಮೇಲೆ ಶ್ರುತಿ ಮೊದಲಿನ ಜಾಗಕ್ಕೆ ಬರಲ್ಲ. ನಿಮ್ಮದು ಬರುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಇಷ್ಟು ದೊಡ್ಡ ಕಂಪನಿಗಳು ತಮ್ಮದೇ ಡಿಸೈನ್‌ಗಳನ್ನು ಅಗ್ಗಕ್ಕೆ ಯಾಕೆ ಬಿಟ್ಟುಕೊಡುತ್ತವೆ? ಹೆಸರು ಕೆಡಲ್ವಾ?

ಬಿಟ್ಟುಕೊಡದಿದ್ದರೆ ಬೇರೆಯವರು ಕೇಳದೆಯೇ ತಗೊಳ್ಳುತ್ತಾರೆ. ಸ್ಕ್ವಾಯರ್ ಹುಟ್ಟಿದ್ದೇ ಹಾಗೆ.

70ರ ದಶಕದ ಕೊನೆಗೆ ಜಪಾನಿನ ಟೋಕಾಯ್, ಗ್ರೆಕೊ, ಫರ್ನಾಂಡಿಸ್ ಇವರೆಲ್ಲ ಫೆಂಡರ್ ಥರದ ಗಿಟಾರ್‌ಗಳನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರು ಅಂದರೆ, ಅಮೆರಿಕದ ಆ ಕಾಲದ ಫೆಂಡರ್‌ಗಿಂತ ಅವೇ ವಾಸಿ ಅಂತ ಬಹಳ ಜನ ಹೇಳುತ್ತಿದ್ದರು. ಆಗ ಫೆಂಡರ್ ಇದ್ದದ್ದು ಸಿಬಿಎಸ್ ಅನ್ನುವ ದೊಡ್ಡ ಕಂಪನಿಯ ಕೈಯಲ್ಲಿ. 1982ರಲ್ಲಿ ಅದು ಜಪಾನಿನವರ ಜತೆಗೇ ಸೇರಿ ಫೆಂಡರ್ ಜಪಾನ್ ಮಾಡಿತು. ಫ್ಯೂಜಿಜೆನ್ ಫ್ಯಾಕ್ಟರಿಯಲ್ಲಿ ಗಿಟಾರ್ ತಯಾರಾಯಿತು. ಹೆಸರಿಗೆ ಹೊರಗೆ ಹುಡುಕಬೇಕಾಗಲಿಲ್ಲ, ವಿ. ಸಿ. ಸ್ಕ್ವಾಯರ್ ಅಂತ ಒಂದು ಹಳೆಯ ತಂತಿ ಕಂಪನಿಯನ್ನು ಫೆಂಡರ್ 1965ರಲ್ಲೇ ಕೊಂಡು ಇಟ್ಟುಕೊಂಡಿತ್ತು. ಹೊರದೇಶಕ್ಕೆ ಹೋದ ಮೊದಮೊದಲ ಗಿಟಾರ್‌ಗಳ ಮೇಲೆ ‘ಫೆಂಡರ್’ ದೊಡ್ಡದಾಗಿ, ‘ಸ್ಕ್ವಾಯರ್ ಸೀರೀಸ್’ ಪುಟ್ಟದಾಗಿ ಇತ್ತು. ಸ್ವಲ್ಪ ದಿನಕ್ಕೇ ಅದನ್ನು ತಿರುಗಿಸಿ ಸ್ಕ್ವಾಯರ್ ದೊಡ್ಡದು ಮಾಡಿದರು. ಆ ಅಕ್ಷರದ ಗಾತ್ರದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಡಿಸೈನ್ ಹಂಚಿಕೊಳ್ಳಬಹುದು, ಆದರೆ ದೊಡ್ಡ ಹೆಸರನ್ನು ಒಂದು ಅಳತೆಯ ದೂರದಲ್ಲಿ ಇಡಬೇಕು.

ಗಿಬ್ಸನ್ ಕೂಡ ಇದೇ ಆಟ ಆಡಿದೆ, ಬೇರೆ ರೀತಿಯಲ್ಲಿ. 1957ರಲ್ಲಿ ಗಿಬ್ಸನ್‌ನ ಮಾಲೀಕರು ಎಪಿಫೋನ್ ಕೊಂಡಾಗ ಅದು ಅಗ್ಗದ ಬ್ರ್ಯಾಂಡ್ ಆಗಿರಲಿಲ್ಲ, ನ್ಯೂಯಾರ್ಕಿನ ಒಳ್ಳೆಯ ಪ್ರತಿಸ್ಪರ್ಧಿ. 60ರ ದಶಕದಲ್ಲಿ ಎರಡೂ ಅಮೆರಿಕದ ಕಲಮಜೂ ಊರಿನ ಒಂದೇ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದವು. ಒಂದೇ ಊರಿನ ಎರಡು ಅಂಗಡಿಗೆ ಗಿಬ್ಸನ್ ಕೊಡಲು ಆಗದಿದ್ದಾಗ ಒಬ್ಬರಿಗೆ ಗಿಬ್ಸನ್, ಇನ್ನೊಬ್ಬರಿಗೆ ಎಪಿಫೋನ್. ತಯಾರಿಕೆ ಜಪಾನಿಗೆ ಹೋದ ಮೇಲೆ ಅದು ಅಗ್ಗದ ಹೆಸರಾಯಿತು. ಈಚೆಗೆ ಮತ್ತೆ ಮೇಲೇರುತ್ತಿದೆ, 2024ರಲ್ಲಿ ಬಂದ ದುಬಾರಿ ಎಪಿಫೋನ್‌ಗಳಿಗೆ ಗಿಬ್ಸನ್ ತನ್ನ ಆ ತೆರೆದ ಪುಸ್ತಕದ ಹೆಡ್‌ಸ್ಟಾಕ್ ಕೂಡ ಕೊಟ್ಟಿತು. ನುಡಿಸುವವರು ಎಷ್ಟೋ ವರ್ಷ ಅದನ್ನೇ ಕೇಳುತ್ತಿದ್ದರು. ಒಂದು ಗೆರೆಯ ತಿರುವಿಗೆ ಜನ ಜಾಸ್ತಿ ದುಡ್ಡು ಕೊಡುತ್ತಾರಾ ಅಂದರೆ, ಸಂತೋಷವಾಗಿ ಕೊಡುತ್ತಾರೆ!

ಹೆಸರು ಕೆಡುವುದೂ ಉಂಟು. ಬಿ. ಸಿ. ರಿಚ್ ಗಿಟಾರ್‌ಗಳ ಹಿಂದಿದ್ದ ಬರ್ನಿ ರಿಕೊ 80ರ ದಶಕದ ಕೊನೆಗೆ ತನ್ನ ಬ್ರ್ಯಾಂಡನ್ನೇ ಇನ್ನೊಂದು ಕಂಪನಿಗೆ ಲೈಸೆನ್ಸ್ ಕೊಟ್ಟ. ಆ ಕಾಲದ ಗಿಟಾರ್‌ಗಳಿಗೆ ಹಳೆಯ ಕೈಕೆಲಸದವುಗಳ ಮರ್ಯಾದೆ ಸಿಗಲಿಲ್ಲ. 90ರ ದಶಕದಲ್ಲಿ ಅವನು ಹೆಸರನ್ನು ವಾಪಸ್ ತಗೊಂಡು ಮತ್ತೆ ಗಿಟಾರ್ ಮಾಡಲು ಕೂತ. ಇಂದಿಗೂ ಹಳೆಯ ಬಿ. ಸಿ. ರಿಚ್ ಕೊಳ್ಳುವವರು ಯಾವ ವರ್ಷದ್ದು ಅಂತ ಮೊದಲು ಕೇಳುತ್ತಾರೆ.

ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಒಂದು ಬಿಗಿಯೂ ಇದೆ. ಹೆಸರನ್ನು ಲೈಸೆನ್ಸ್ ಕೊಟ್ಟವರು ಗುಣಮಟ್ಟದ ಮೇಲೆ ಕಣ್ಣಿಡಲೇಬೇಕು. ದುಡ್ಡು ತಗೊಂಡು ಕಣ್ಣು ಮುಚ್ಚಿ ಕೂತರೆ ಟ್ರೇಡ್‌ಮಾರ್ಕೇ ಕೈತಪ್ಪಬಹುದು. ಸ್ಯಾಂಪಲ್ ತರಿಸಿ ನೋಡುವುದು, ಫ್ಯಾಕ್ಟರಿಗೆ ಜನ ಕಳಿಸುವುದು ಇದೆಲ್ಲ ಬರೀ ಒಳ್ಳೆಯತನ ಅಲ್ಲ, ಆಸ್ತಿ ಉಳಿಸಿಕೊಳ್ಳುವ ದಾರಿ.

ಪ್ರಶ್ನೆ: ಹತ್ತು ಕಡೆ ವಿಚಾರಿಸಿದರೂ ಒಂದು ಮಾಡೆಲ್‌ಗೆ ಒಂದೇ ಬೆಲೆ, ಕೊನೆಯ ಕಾಸಿನ ತನಕ. ಎಲ್ಲರೂ ಮಾತಾಡಿಕೊಂಡಿದ್ದಾರಾ?

ಅಂಗಡಿಯವರು ಮಾತಾಡಿಕೊಳ್ಳಬೇಕಾಗೇ ಇಲ್ಲ, ಮೇಲಿಂದಲೇ ಬಂದಿರುತ್ತದೆ. ಅಮೆರಿಕದಲ್ಲಿ ತಯಾರಕರು ‘ಇದಕ್ಕಿಂತ ಕಡಿಮೆ ಬೆಲೆ ಜಾಹೀರಾತಿನಲ್ಲಿ ಹಾಕಬೇಡಿ’ ಅಂತ ಒಂದು ಮಿತಿ ಇಡುತ್ತಾರೆ, ಅದಕ್ಕೆ ‘ಮ್ಯಾಪ್’ ಅನ್ನುತ್ತಾರೆ. ಅದು ಜಾಹೀರಾತಿಗೆ ಮಾತ್ರ. ಫೋನ್ ಮಾಡಿ ಕೇಳಿದರೆ ಕೆಲವರು ಕಡಿಮೆ ಮಾಡುತ್ತಾರೆ, ಇಲ್ಲ ಅಂದರೆ ಬ್ಯಾಗ್, ಕೇಬಲ್ ಅಂತ ಏನಾದರೂ ಸೇರಿಸುತ್ತಾರೆ. ಕೇಳಲು ನಾಚಿಕೆ ಬೇಡ.

ಬ್ರಿಟನ್‌ನಲ್ಲಿ ಇದು ಮಿತಿ ಮೀರಿ ಸಿಕ್ಕಿಬಿತ್ತು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2020ರ ಜನವರಿಯಲ್ಲಿ ಫೆಂಡರ್‌ನ ಯುರೋಪ್ ಕಂಪನಿಗೆ 45 ಲಕ್ಷ ಪೌಂಡ್ ದಂಡ ಹಾಕಿತು. 2013ರಿಂದ 2018ರ ತನಕ ಆನ್‌ಲೈನ್‌ನಲ್ಲಿ ಗಿಟಾರ್‌ಗಳನ್ನು ಒಂದು ಬೆಲೆಗಿಂತ ಕೆಳಗೆ ಮಾರದಂತೆ ತಡೆದಿದ್ದಕ್ಕೆ. ತನಿಖೆ ನಡೆಯುತ್ತಿದ್ದಾಗ ನೋಟ್‌ಬುಕ್‌ಗಳನ್ನು ಬಚ್ಚಿಟ್ಟಿದ್ದಕ್ಕೆ 25,000 ಪೌಂಡ್ ದಂಡ ಅದಕ್ಕೂ ಮೊದಲೇ ಬಿದ್ದಿತ್ತು.

ಕಂಪನಿಗಳ ಕಡೆಗೂ ಒಂದು ವಾದ ಇದೆ. ಒಬ್ಬ ದೊಡ್ಡ ಆನ್‌ಲೈನ್ ಮಾರಾಟಗಾರ ಬೆಲೆ ಇಳಿಸುತ್ತಾ ಹೋದರೆ, ಗಿಟಾರ್ ಕೈಗೆ ಕೊಟ್ಟು ನುಡಿಸಿ ನೋಡಲು ಬಿಡುವ, ತಂತಿ, ನೆಕ್ ಸರಿಹೊಂದಿಸಿ ಸೆಟಪ್ ಮಾಡಿಕೊಡುವ ಸಣ್ಣ ಅಂಗಡಿಗಳು ಮುಚ್ಚುತ್ತವೆ. ಅದರಲ್ಲಿ ಹುರುಳಿದೆ. ಆದರೆ ಸೆಟಪ್ಪೇ ಮಾಡದೆ ಡಬ್ಬದಿಂದ ಡಬ್ಬಕ್ಕೆ ಸಾಗಿಸುವವರಿಗೂ ಅದೇ ಬೆಲೆ ಕೊಡುತ್ತಿದ್ದೇವೆ ಅಲ್ವಾ?

ಪ್ರಶ್ನೆ: ನಾನು ಸಣ್ಣ ಮಟ್ಟದಲ್ಲಿ ಗಿಟಾರ್ ಮಾಡುತ್ತೇನೆ, ಬಾಡಿ ಆಕಾರ ನನ್ನದೇ ಸ್ವಂತ. ಒಂದು ಕಂಪನಿ ಅದನ್ನು ಅಗ್ಗದ ಸಾಲಿಗೆ ಲೈಸೆನ್ಸ್ ಕೇಳಿದೆ. ಸಹಿ ಹಾಕುವ ಮುಂಚೆ ಏನು ನೋಡಬೇಕು?

ಮೊದಲು, ಕೊಡಲು ನಿಮ್ಮ ಹತ್ತಿರ ಕಾನೂನಿನ ಲೆಕ್ಕದಲ್ಲಿ ಏನಾದರೂ ಇದೆಯಾ ನೋಡಿ. ಫೆಂಡರ್ ಕತೆ ಮೇಲೆ ಓದಿದಿರಲ್ಲ. ಅಮೆರಿಕದಲ್ಲಿ ಡಿಸೈನ್ ಪೇಟೆಂಟ್, ಅಂದರೆ ಆಕಾರದ ಮೇಲಿನ ಹಕ್ಕು, ಸಿಕ್ಕಿದರೆ 15 ವರ್ಷ ನಿಮ್ಮದು. ಆದರೆ ಗಿಟಾರ್‌ನ ಫೋಟೋ ಹೊರಗೆ ಹಾಕಿ ಒಂದು ವರ್ಷ ದಾಟಿದ್ದರೆ ಅಲ್ಲಿ ಅರ್ಜಿ ಹಾಕುವ ಹಾಗೇ ಇಲ್ಲ, ಆ ಒಂದು ವರ್ಷದ ರಿಯಾಯಿತಿಯೂ ಇಲ್ಲದ ದೇಶಗಳಿವೆ. ಹೆಡ್‌ಸ್ಟಾಕ್ ಮತ್ತು ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ. ಪೇಟೆಂಟ್ ಒಂದು ದಿನ ಮುಗಿಯುತ್ತದೆ, ಟ್ರೇಡ್‌ಮಾರ್ಕ್ ಬಳಸುತ್ತಾ, ನವೀಕರಿಸುತ್ತಾ ಇದ್ದಷ್ಟು ದಿನ ಇರುತ್ತದೆ.

ಇನ್ನು ಒಪ್ಪಂದ. ಎಲ್ಲರೂ ರಾಯಲ್ಟಿ ನೂರಕ್ಕೆ ಎಷ್ಟು ಅಂತ ಜಗ್ಗಾಡುತ್ತಾರೆ. ಅದಕ್ಕಿಂತ ಮುಖ್ಯ, ಯಾವುದರ ಮೇಲೆ ಅನ್ನುವುದು. ‘ನಿವ್ವಳ ಮಾರಾಟ’ ಅಂತ ಬರೆದು, ಅದರಿಂದ ಸಾಗಾಟ, ರಿಯಾಯಿತಿ, ವಾಪಸ್ ಬಂದ ಮಾಲು, ಜಾಹೀರಾತು ಅಂತ ಕಳೆಯುತ್ತಾ ಹೋದರೆ ಏಳು ಪರ್ಸೆಂಟ್ ಕೂಡ ಮೂರರ ಥರ ಆಗುತ್ತದೆ. ಏನೇನು ಕಳೆಯಬಹುದು ಅಂತ ಒಂದೊಂದಾಗಿ ಹೆಸರಿಸಿ, ಒಟ್ಟಿಗೆ ಒಂದು ಮಿತಿ ಹಾಕಿಸಿ. ವರ್ಷಕ್ಕೆ ಇಷ್ಟು ಬರಲೇಬೇಕು ಅಂತ ಒಂದು ಕನಿಷ್ಠ ಮೊತ್ತವೂ ಇರಲಿ. ಇಲ್ಲದಿದ್ದರೆ ಅವರು ಡಿಸೈನ್ ತಗೊಂಡು ಕಪಾಟಿನಲ್ಲಿಟ್ಟು, ನೀವು ಬೇರೆಯವರಿಗೂ ಕೊಡಲಾಗದೆ, ತಾವೂ ಮಾರದೆ ಕೂರಬಹುದು. ಅವರ ಲೆಕ್ಕದ ಪುಸ್ತಕ ನೋಡುವ ಹಕ್ಕು ಬರೆಸಿಕೊಳ್ಳಿ.

ಗುಣಮಟ್ಟದ ಬಗ್ಗೆ ‘ಒಳ್ಳೆಯ ಗುಣಮಟ್ಟ ಕಾಪಾಡತಕ್ಕದ್ದು’ ಅನ್ನುವ ಸಾಲಿಗೆ ಬೆಲೆ ಇಲ್ಲ. ಫ್ರೆಟ್ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಒಪ್ಪುತ್ತೀರಿ, ನೆಕ್ ಜೋಡಿಸುವ ಜಾಗದಲ್ಲಿ ಎಷ್ಟು ಸಂದು ಇರಬಹುದು, ಬಾಡಿ ಕನಿಷ್ಠ ಎಷ್ಟು ದಪ್ಪ, ಇದನ್ನೆಲ್ಲ ಅಂಕಿಯಲ್ಲಿ ಬರೆಯಿರಿ. ಮೊದಲ ಸ್ಯಾಂಪಲ್ ನೀವು ಒಪ್ಪಿದ ಮೇಲೇ ಉತ್ಪಾದನೆ. ಆಮೇಲೆ ಪ್ರತಿ ದೊಡ್ಡ ಕಂತಿನಿಂದಲೂ, ಅವರು ಆರಿಸಿ ಕಳಿಸಿದ್ದಲ್ಲ, ನೀವು ಆರಿಸಿದ ಒಂದೆರಡು ಗಿಟಾರ್ ನಿಮಗೆ ಬರಬೇಕು. ಸ್ಯಾಂಪಲ್ ಯಾವಾಗಲೂ ಚೆನ್ನಾಗಿರುತ್ತದೆ, ಫ್ಯಾಕ್ಟರಿಯ ಬೆಸ್ಟ್ ಕೆಲಸಗಾರ ಮಾಡಿರುತ್ತಾನೆ. ಎರಡನೇ ವರ್ಷದ ಮಾಲು ನೋಡಬೇಕು.

ನಿಮ್ಮ ಹೆಡ್‌ಸ್ಟಾಕ್ ಕೊಡಬೇಡಿ. ಮ್ಯೂಸಿಕ್ ಮ್ಯಾನ್ ಮಾಡಿದ್ದನ್ನೇ ಮಾಡಿ, ಅಗ್ಗದ ಸಾಲಿಗೆ ಬೇರೆ ತಲೆ ಬಿಡಿಸಿಕೊಡಿ. ನಿಮ್ಮ ಕೈಕೆಲಸದ ಗಿಟಾರ್‌ಗೆ ದೊಡ್ಡ ಬೆಲೆ ಕೊಟ್ಟವರು ಅದೇ ತಲೆಯನ್ನು ಹತ್ತನೇ ಒಂದು ಭಾಗದ ಬೆಲೆಯಲ್ಲಿ ಕಂಡರೆ ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾರೆ, ತಪ್ಪೂ ಅಲ್ಲ. ಮುಂದೆ ಆ ಅಗ್ಗದ ಸಾಲು ಹೆಸರು ಮಾಡಿದರೆ ಆಗ ಹೆಡ್‌ಸ್ಟಾಕ್‌ಗೆ ಬೇರೆ ದರ ಕೇಳಬಹುದು.

ಕೊನೆಯದು, ಒಪ್ಪಂದ ಮುಗಿದ ಮೇಲಿನ ಮಾತು. ಉಳಿದ ದಾಸ್ತಾನು ಮಾರಲು ಎಷ್ಟು ತಿಂಗಳು, ಡ್ರಾಯಿಂಗ್‌ಗಳ ಕಂಪ್ಯೂಟರ್ ಫೈಲು, ಅಚ್ಚುಗಳು ಯಾರ ಹತ್ತಿರ ಉಳಿಯುತ್ತವೆ? ಇದು ಬರೆದಿಲ್ಲ ಅಂದರೆ ಫೈಲು ಫ್ಯಾಕ್ಟರಿಯಲ್ಲೇ ಇರುತ್ತದೆ, ಮುಂದಿನ ವರ್ಷ ನಿಮ್ಮದೇ ಬಾಡಿ ಬೇರೆ ಹೆಸರಲ್ಲಿ ಬರುತ್ತದೆ. ಸಹಿಗೆ ಮುಂಚೆ ಈ ಕ್ಷೇತ್ರದ ವಕೀಲರಿಗೆ ತೋರಿಸಿ. ಆ ಫೀಸು ಉಳಿಸಲು ಹೋಗಬೇಡಿ.

ಪ್ರಶ್ನೆ: ನನ್ನ ಸ್ಕ್ವಾಯರ್ ಮೇಲೆ ಫೆಂಡರ್ ಸ್ಟಿಕ್ಕರ್ ಅಂಟಿಸಿದರೆ ತಪ್ಪಾ? ಪಿಕಪ್, ಕೀ, ಬ್ರಿಡ್ಜ್ ಎಲ್ಲ ಅಸಲಿ ಫೆಂಡರ್‌ದೇ ಹಾಕಿಸಿದ್ದೇನೆ.

ಮನೆಯಲ್ಲಿ ಕೂತು ನುಡಿಸುವ ತನಕ ನಿಮ್ಮನ್ನು ಯಾರೂ ಕೇಳಲ್ಲ. ಮಾರುವ ದಿನ ಅದು ನಕಲಿ ಮಾಲು. ‘ಸ್ಟಿಕ್ಕರ್ ನಾನೇ ಹಾಕಿದ್ದು’ ಅಂತ ನೀವು ಹೇಳಿ ಮಾರಿದರೂ, ನಿಮ್ಮಿಂದ ಕೊಂಡವರು ಮುಂದಿನವರಿಗೆ ಹೇಳುತ್ತಾರೆ ಅಂತ ಗ್ಯಾರಂಟಿ ಇಲ್ಲ. ಅಷ್ಟು ಖರ್ಚು ಮಾಡಿ ಸರಿಮಾಡಿಸಿದ ಗಿಟಾರ್, ಸ್ಕ್ವಾಯರ್ ಅಂತಲೇ ಇರಲಿ ಬಿಡಿ. ತೆಗೆದ ಹಳೆಯ ಭಾಗಗಳನ್ನು ಮಾತ್ರ ಎಸೆಯಬೇಡಿ, ಮಾರುವಾಗ ಅವನ್ನು ವಾಪಸ್ ಹಾಕಿ ಫೆಂಡರ್ ಭಾಗಗಳನ್ನು ಬೇರೆಯಾಗಿ ಮಾರಿದರೆ ಜಾಸ್ತಿ ದುಡ್ಡು ಬರುತ್ತದೆ.